ಸ್ವೀಡನ್ ಕಾಗದ 31: ಒಂದು ಸಿಲಿಂಡರಿಗೆ ಎಷ್ಟು ಗುಂಡು?

ಹಿಂದಿನ ಕಾಗದ ಹಾಕಿ ಎರಡು ತಿಂಗಳ ಮೇಲಾಯ್ತು. ಬೇಸಿಗೆಯಲ್ಲಿ ಇಲ್ಲಿಯವರೆಲ್ಲ ವಾರಗಟ್ಟಲೆ ರಜೆ ಹಾಕಿ ಕಾಡಿನ ಮನೆ, ಕೆರೆ ದಂಡೆ ಅಂತ ಹೊರಟುಬಿಡ್ತಾರೆ. ವಾರ್ಡಿನಲ್ಲಿ ಉಳಿಯೋದು ನನ್ನಂಥವರು. ಅದರ ಮಧ್ಯೆ ಹೋದ ವಾರ ಮನೆ ಗ್ರೂಪಿಗೆ ಒಂದು ಫೋಟೋ ಹಾಕಿದೆ. ಮುಖಕ್ಕೆ ಕಪ್ಪು ಮಾಸ್ಕು, ಕೈಯಲ್ಲಿ ಕೋವಿಯಂಥದ್ದು, ಹಿಂದೆ ಸ್ಪ್ರೂಸ್ ಮರದ ಕಾಡು, ಹೊಟ್ಟೆ ಮೇಲೆ ಕೇಸರಿ ಬಣ್ಣದ ಕಲೆ. ಹತ್ತು ನಿಮಿಷಕ್ಕೆ ಫೋನು ಶುರು. ಅಮ್ಮ: "ನರ್ಸ್ ಕೆಲ್ಸ ಬಿಟ್ಯನೇ?" ಚಿಕ್ಕಪ್ಪ: "ಅಲ್ಲಿ ಶಿಕಾರಿಗೆ ಹೆಂಗಸರನ್ನೂ ಬಿಡ್ತಾರಾ?" ಅಪ್ಪ ಮಾತ್ರ ಫೋಟೋ ದೊಡ್ಡದು ಮಾಡಿ ನೋಡಿ, "ಅದರ ಹಿಂದೊಂದು ಸಿಲಿಂಡರ್ ಇದ್ಯಲ್ಲ, ಅದೆಂತದು?" ಅಂತ ಕೇಳಿದ್ರು. ಸರಿಯಾದ ಪ್ರಶ್ನೆ ಅದೇ. ಈ ಕಾಗದ ಪೂರ್ತಿ ಆ ಸಿಲಿಂಡರಿನದು.

ಮೊದಲು ಅಮ್ಮನಿಗೆ ಸಮಾಧಾನ. ಅದು ಕೋವಿ ಅಲ್ಲ. ಆಟದವರು ಅದನ್ನು ಮಾರ್ಕರ್ ಅಂತಾರೆ, ಅಂದರೆ ಗುರುತು ಹಾಕೋ ಸಾಧನ. ಆ ಹೆಸರು ಸುಮ್ಮನೆ ಬಂದಿದ್ದಲ್ಲ. ನಮ್ಮಲ್ಲಿ ಫಾರೆಸ್ಟಿನವರು ಕಡಿಯೋ ಮರಕ್ಕೆ ಬಣ್ಣ ಬಳಿದು ನಂಬರ್ ಹಾಕ್ತಾರಲ್ಲ, ಅಮೆರಿಕದಲ್ಲಿ ಅದೇ ಕೆಲಸಕ್ಕೆ, ಹೊಳೆಯಾಚೆ ಇರೋ ಮರಕ್ಕೂ ದೂರದಲ್ಲಿ ಮೇಯೋ ದನಕ್ಕೂ ನಿಂತಲ್ಲಿಂದ ಬಣ್ಣ ಹೊಡೆಯೋಕೆ, ನೆಲ್ಸನ್ ಅನ್ನೋ ಬಣ್ಣದ ಕಂಪನಿ ಒಂದು ಪಿಸ್ತೂಲು ಮಾಡಿಸಿತ್ತು. ನೆಲ್‌ಸ್ಪಾಟ್ 007 ಅಂತ ಅದರ ಹೆಸರು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರಿನ ಹೆನಿಕರ್ ಅನ್ನೋ ಊರಿನ ಕಾಡಲ್ಲಿ 12 ಜನ ಅದೇ ಪಿಸ್ತೂಲು ಹಿಡಿದು ಒಬ್ಬರನ್ನೊಬ್ಬರು ಹುಡುಕಿದರು. ಪೇಂಟ್‌ಬಾಲ್ ಹುಟ್ಟಿದ್ದು ಹಾಗೆ. ಆ ಮೊದಲ ಆಟ ಯಾರು ಗೆದ್ದರು ಅನ್ನೋದನ್ನ ಆಮೇಲೆ ಹೇಳ್ತೀನಿ, ಅದು ಈ ಕಾಗದಕ್ಕೆ ಬಹಳ ಬೇಕಾದ ವಿಷಯ.

ಇನ್ನು ಗುಂಡು. ಅದು ನಾವು ರೋಗಿಗಳಿಗೆ ಕೊಡೋ ಜೆಲಟಿನ್ ಕ್ಯಾಪ್ಸೂಲಿನ ಅಣ್ಣ. ನಿಜವಾಗಿಯೂ ಅಣ್ಣ: ಶುರುವಿನಲ್ಲಿ ಈ ಗುಂಡು ಮಾಡಿಕೊಟ್ಟಿದ್ದು ಔಷಧಿಯ ಮೆತ್ತನೆ ಕ್ಯಾಪ್ಸೂಲು ಮಾಡ್ತಿದ್ದ ಆರ್. ಪಿ. ಶೆರರ್ ಕಂಪನಿ. ಮೀನೆಣ್ಣೆಯ ಬದಲು ಒಳಗೆ ಬಣ್ಣ, ಅಷ್ಟೇ. ಒಂದರ ತೂಕ ಸುಮಾರು 3 ಗ್ರಾಮ್, ದಪ್ಪ 17 ಮಿಲಿಮೀಟರ್. ಬಟ್ಟೆಗೆ ತಗುಲಿ ಒಡೆದರೆ ನೀವು ಔಟ್. ಬಣ್ಣ ನೀರಲ್ಲಿ ತೊಳೆದು ಹೋಗುತ್ತೆ, ನೋವು ಎರಡು ದಿನದಲ್ಲಿ ಹೋಗುತ್ತೆ. ಕಣ್ಣಿಗೆ ಬಿದ್ದರೆ ಮಾತ್ರ ಹೋದದ್ದು ಬರಲ್ಲ. ಹಾಗಾಗಿ ಆಟದ ಜಾಗದಲ್ಲಿ ಏನೇ ಆದರೂ ಮಾಸ್ಕು ತೆಗೆಯೋ ಹಾಗಿಲ್ಲ. ಬೆವರಲಿ, ಮಂಜು ಕಟ್ಟಲಿ, ತೆಗೆಯೋ ಹಾಗಿಲ್ಲ.

ಗುಂಡನ್ನು ದೂಡೋದು ಗಾಳಿ. ಗಣಪತಿ ಹಬ್ಬದ ಹೊತ್ತಿಗೆ ಅಣ್ಣ ಮಾಡಿಕೊಡ್ತಿದ್ದ ಪೆಟ್ಲು ನೆನಪು ಮಾಡ್ಕೊಳ್ಳಿ. ವಾಟೆಯ ಕೊಳವೆ, ಒಂದು ದಬ್ಬುಗೋಲು, ಜೇಬಿನ ತುಂಬ ಗಟ್ಟಿ ಹಸಿರು ಕಾಯಿ. ಮೊದಲ ಕಾಯಿ ತುದಿಯಲ್ಲಿ ಸಿಕ್ಕಿಸಿ, ಎರಡನೇದನ್ನ ಹಿಂದಿನಿಂದ ದಬ್ಬಿದರೆ ಮಧ್ಯದ ಗಾಳಿ ಹಿಂಡಿ ಮುಂದಿನದು ಪಟ್ ಅಂತ ಹಾರ್ತಿತ್ತು. ಪೇಂಟ್‌ಬಾಲ್ ಅಂದರೆ ಅದೇ. ಪೆಟ್ಲಿನಲ್ಲಿ ಗಾಳಿ ಹಿಂಡೋದು ನಿಮ್ಮ ಕೈ; ಇಲ್ಲಿ ಮೊದಲೇ ಹಿಂಡಿ ಸಿಲಿಂಡರಿಗೆ ತುಂಬಿರ್ತಾರೆ. ಪೆಟ್ಲಿಗೆ ಗಾಳಿ ಎಂದೂ ಮುಗಿಯಲ್ಲ. ಸಿಲಿಂಡರಿಂದು ಮುಗಿಯುತ್ತೆ.

ನನಗೆ ಅದು ಮುಗಿದದ್ದು ಎರಡು ವರ್ಷದ ಹಿಂದೆ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ.

ನನ್ನನ್ನು ಕರೆದುಕೊಂಡು ಹೋಗಿದ್ದು, ಹಿಂದಿನ ಕಾಗದಗಳಲ್ಲಿ ನಾನು "ಸ್ವೀಡನ್ನಿನ ಚಿಕ್ಕಮ್ಮ" ಅಂತ ಬರೀತೀನಲ್ಲ, ನಮ್ಮ ವಾರ್ಡಿನ ಹಿರಿಯ ನರ್ಸು, ಅವರು. ವೆಸ್ಟೆರೋಸಿನಿಂದ ಮುಕ್ಕಾಲು ಗಂಟೆ ಕಾರು. ಕಾಡಿನೊಳಗೆ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಒಂದೇ ಆಟ, ಎರಡು ಪಕ್ಷ, ಮಧ್ಯೆ ಊಟಕ್ಕೆ ಬಿಡುವು. ಚಿಕ್ಕ ಮೈದಾನದಲ್ಲಿ ಐದು ನಿಮಿಷಕ್ಕೆ ಮುಗಿಯೋ ಆಟವೂ ಇದೆ, ಸ್ಟಾಕ್‌ಹೋಮಿನ ಜಾಯ್ ಡಿವಿಷನ್ ಅನ್ನೋ ತಂಡ ಅದರಲ್ಲಿ ಯೂರೋಪಿಗೇ ಹೆಸರುವಾಸಿ. ಅದು ಬೇರೆ ಜಾತಿ. ಅಲ್ಲಿ ಪ್ರತಿ ಆಟ ಮುಗಿದ ಮೇಲೆ ಹೋಗಿ ಗಾಳಿ ತುಂಬಿಸ್ಕೊಂಡು ಬರಬಹುದು. ನಮ್ಮದರಲ್ಲಿ ಗಾಳಿ ತುಂಬಿಸೋ ಕಂಪ್ರೆಸರು ಕಾರು ನಿಲ್ಲಿಸೋ ಜಾಗದಲ್ಲಿ, ನಾವು ಅಲ್ಲಿಂದ ಇಪ್ಪತ್ತು ನಿಮಿಷದ ನಡಿಗೆ ಒಳಗೆ.

ಬಾಡಿಗೆ ಮಾರ್ಕರ್ ಕೊಟ್ಟಿದ್ದರು. ಎದುರು ಪಕ್ಷದವರ ಟೋಪಿ ಕಂಡದ್ದೇ ತಡ, ನಾನು ಮದುವೆಮನೆಯ ಪಟಾಕಿ ಹಾಗೆ ಹೊಡೆದೆ. ಪೊದೆಗೆ ಹೊಡೆದೆ, ಮರಕ್ಕೆ ಹೊಡೆದೆ, ಸದ್ದು ಬಂದ ಕಡೆಗೆಲ್ಲ ಹೊಡೆದೆ. ಒಬ್ಬರಿಗೂ ತಗುಲಲಿಲ್ಲ. ಮುನ್ನೂರು ಚಿಲ್ಲರೆ ಗುಂಡಾದ ಮೇಲೆ ಮಾರ್ಕರು "ಪುಸ್" ಅಂದು ಗುಂಡನ್ನು ನನ್ನ ಕಾಲಬುಡಕ್ಕೇ ಉಗುಳಿತು. ಗೇಜು ನೋಡಿದೆ. ಮುಳ್ಳು ಕೆಳಗೆ ಕೂತಿತ್ತು.

ನಿಜ ಹೇಳಬೇಕಂದ್ರೆ ನಾಚಿಕೆ ಆಯ್ತು. ಗುಂಡು ತಪ್ಪಿದ್ದಕ್ಕಲ್ಲ. ನಾನು ದಿನಕ್ಕೆ ಹತ್ತು ಸಲ ಸಿಲಿಂಡರ್ ಗೇಜು ನೋಡೋ ಕೆಲಸದವಳು. ರೋಗಿಯನ್ನ ಎಕ್ಸ್‌ರೇಗೆ ಕರೆದೊಯ್ಯೋ ಮೊದಲು ಆಕ್ಸಿಜನ್ ಎಷ್ಟಿದೆ, ಎಷ್ಟು ನಿಮಿಷ ಬರುತ್ತೆ ಅಂತ ಲೆಕ್ಕ ಹಾಕದೆ ಮಂಚದ ಬ್ರೇಕು ತೆಗೆಯಲ್ಲ. ಆ ದಿನ ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಕೈ ತಲೆ ಮೇಲಿಟ್ಟುಕೊಂಡು ವಾಪಸ್ ನಡೆಯೋವಾಗ ದಾರಿ ತುಂಬ ಬ್ಲೂಬೆರಿ ಇತ್ತು, ಒಂದನ್ನೂ ತಿನ್ನೋ ಮನಸ್ಸಾಗಲಿಲ್ಲ.

ಅವತ್ತು ರಾತ್ರಿ ಅಪ್ಪನಿಗೆ ಫೋನಲ್ಲಿ ಹೇಳಿದೆ. ಅಪ್ಪ ಎಲ್ಲ ಕೇಳಿ, "ಅಲ್ಲ ಮಾರಾಯ್ತಿ, ಡ್ರಮ್ಮಿಗೆ ಎಷ್ಟು ಮರ ಅಂತ ಮೊದ್ಲೇ ಕೇಳ್ಕೊಳ್ಳದಲ್ವನೇ?" ಅಂದ್ರು.

ಪೇಟೆಯವರಿಗೆ ಇದನ್ನ ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯೋವಾಗ ತೋಟದವರು ನೋಡೋದು ಡ್ರಮ್ಮು ಎಷ್ಟು ದೊಡ್ಡದು ಅಂತಲ್ಲ, ಒಂದು ಡ್ರಮ್ಮಿನಲ್ಲಿ ಎಷ್ಟು ಮರ ಮುಗೀತು ಅಂತ. ಒಳ್ಳೆ ಕೊನೆಗಾರ ಕೊನೆ ಕಂಡಾಗ ಮಾತ್ರ ನಲ್ಲಿ ಬಿಡ್ತಾನೆ, ಮರದಿಂದ ಮರಕ್ಕೆ ದಾಟೋವಾಗ ಬಂದ್ ಮಾಡ್ತಾನೆ. ಕೆಟ್ಟವನು ಆಕಾಶಕ್ಕೂ ಹೊಡೀತಾನೆ. ಡ್ರಮ್ಮು ಒಂದೇ, ಔಷಧಿ ಒಂದೇ, ಮರದ ಲೆಕ್ಕ ಬೇರೆ. ಪೇಂಟ್‌ಬಾಲ್ ಮಾರ್ಕರ್ ಕೊಳ್ಳೋವಾಗ ಕೇಳಬೇಕಾದ್ದೂ ಇದನ್ನೇ. ಅಂಗಡಿಯವರು ಸಿಲಿಂಡರಿನ ಸೈಜು ಹೇಳ್ತಾರೆ, ಸೆಕೆಂಡಿಗೆ ಎಷ್ಟು ಗುಂಡು ಅಂತ ಹೇಳ್ತಾರೆ. ಒಂದು ಗುಂಡಿಗೆ ಎಷ್ಟು ಗಾಳಿ ಕುಡಿಯುತ್ತೆ ಅನ್ನೋದನ್ನ ನಾವೇ ಕೇಳಬೇಕು. ನಮ್ಮವರ ಭಾಷೆಯಲ್ಲಿ ಮೈಲೇಜು.

ಲೆಕ್ಕ ಸುಲಭ, ಆಸ್ಪತ್ರೆಯದ್ದೇ ಲೆಕ್ಕ. ಸಿಲಿಂಡರಿನ ಲೀಟರು ಗುಣಿಸು ಗೇಜಿನ ಬಾರ್. ನನ್ನ ಬಾಡಿಗೆ ಸಿಲಿಂಡರು 0.8 ಲೀಟರ್, 200 ಬಾರ್. ಅಂದರೆ ಬಿಟ್ಟರೆ 160 ಲೀಟರ್ ಗಾಳಿ. ಕೊನೆಯ 40 ಬಾರ್ ಅಷ್ಟು ಕೆಲಸಕ್ಕೆ ಬರಲ್ಲ, ಒತ್ತಡ ಸಾಲದೆ ಗುಂಡು ಕುಂಟುತ್ತೆ. ಉಳಿದದ್ದು 128 ಲೀಟರ್. ಮುಂದಿನ ಸಲ ಹೋದಾಗ ಅದೇ ಬಾಡಿಗೆ ಮಾರ್ಕರಿನಲ್ಲಿ ಎಣಿಸಿ 200 ಗುಂಡು ಹೊಡೆದು ಗೇಜು ನೋಡಿದೆ: ಸರಿಯಾಗಿ 100 ಬಾರ್ ಇಳಿದಿತ್ತು. 80 ಲೀಟರ್. ಗುಂಡಿಗೆ 0.4 ಲೀಟರ್. 128ನ್ನ 0.4ರಿಂದ ಭಾಗಿಸಿ: 320 ಗುಂಡು. ಮೊದಲ ದಿನ ನಾನು ಯಾಕೆ 10:40ಕ್ಕೆ ಕಾಲಬುಡ ನೋಡ್ತಾ ನಿಂತಿದ್ದೆ ಅಂತ ಅಲ್ಲಿಗೆ ಗೊತ್ತಾಯ್ತು.

ಈ ಲೆಕ್ಕ ಮಾಡೋವಾಗ ನನ್ನ ಕೈ ಸ್ವಲ್ಪ ನಡುಗಿತು. ನಿಮ್ಮಲ್ಲಿ ಕೆಲವರಿಗೆ ಯಾಕೆ ಅಂತ ಗೊತ್ತು. ಗೊತ್ತಿಲ್ಲದವರಿಗೆ ಈಗ ಹೇಳ್ತೀನಿ; ಮೂವತ್ತು ಕಾಗದದಲ್ಲಿ ಒಂದರಲ್ಲೂ ಬರೆದಿಲ್ಲ.

2021ರ ಮೇ. ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯಾಗಿ ಒಂದೇ ದಿನದಲ್ಲಿ 24 ಜನ ಹೋದರು ಅನ್ನೋ ಸುದ್ದಿ ಬಂದು ವಾರವಾಗಿತ್ತು. ಅಪ್ಪ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿ ಕೋಣೆಯಲ್ಲಿ ಮಲಗಿದ್ದರು, ಬೆಡ್ ಸಿಕ್ಕಿರಲಿಲ್ಲ. ಅಣ್ಣ ಎಲ್ಲಿಂದಲೋ ಒಂದು ಬಿ ಟೈಪ್ ಸಿಲಿಂಡರ್ ತಂದಿಟ್ಟು, ಇನ್ನೊಂದಕ್ಕೆ ಶಿವಮೊಗ್ಗಕ್ಕೆ ಜೀಪು ತಗೊಂಡು ಹೋಗಿದ್ದ. ನಾನು ಇಲ್ಲಿ ನೈಟ್ ಡ್ಯೂಟಿ. ನನಗೆ ರಾತ್ರಿ 11, ಅಲ್ಲಿ ಎರಡೂವರೆ. ಅತ್ತಿಗೆ ಗೇಜಿನ ಫೋಟೋ ಕಳಿಸಿದರು: 60. ಆ ಸಿಲಿಂಡರು 10 ಲೀಟರಿನದು. ಅಂದರೆ 600 ಲೀಟರ್ ಉಳಿದಿದೆ. ಮಾಸ್ಕಿನಲ್ಲಿ ನಿಮಿಷಕ್ಕೆ 8 ಲೀಟರ್ ಹೋಗ್ತಿತ್ತು. 75 ನಿಮಿಷ. ಅಣ್ಣ ಫೋನಲ್ಲಿ ಹೇಳಿದ, ಕ್ಯೂ ಇದೆ, ಬೆಳಗಾಗುತ್ತೆ.

ಸ್ಯಾಚುರೇಶನ್ ಎಷ್ಟು ಕೇಳಿದೆ. 97 ಅಂದರು ಅತ್ತಿಗೆ, ಖುಷಿಯಲ್ಲಿ. ನನಗೆ ಎದೆ ಧಸಕ್ಕೆಂದಿತು, ಅಷ್ಟು ಬೇಕಾಗಿರಲಿಲ್ಲ. ಊರಿನ ಡಾಕ್ಟರನ್ನ ಎಬ್ಬಿಸಿ ಲೈನಿಗೆ ತಗೊಂಡೆ. 90ರ ಮೇಲಿದ್ದರೆ ಸಾಕು, ಇಳಿಸಿ ಅಂದರು. ಮಾಸ್ಕಿನಲ್ಲಿ 5ರ ಕೆಳಗೆ ಇಳಿಸೋ ಹಾಗಿಲ್ಲ, ಬಿಟ್ಟ ಉಸಿರೇ ಒಳಗೆ ನಿಲ್ಲುತ್ತೆ. ಪುಣ್ಯಕ್ಕೆ ಅದರ ಕವರಿನಲ್ಲಿ ಮೂಗಿನ ಕೊಳವೆಯೂ ಇತ್ತು. ಅತ್ತಿಗೆ ಅದನ್ನ ಹಾಕಿ, ಅಪ್ಪನನ್ನ ಬೋರಲು ಮಲಗಿಸಿ, ಸುತ್ತು ಸುತ್ತಾಗಿ ತಿರುಗಿಸಿ 3ಕ್ಕೆ ತಂದರು. 92. ಆಮೇಲೆ 91. ನಿಂತಿತು. 600 ಭಾಗಿಸು 3, 200 ನಿಮಿಷ. ಹತ್ತು ನಿಮಿಷಕ್ಕೊಂದು ಗೇಜಿನ ಫೋಟೋ, ಹತ್ತು ನಿಮಿಷಕ್ಕೊಂದು ಬೆರಳಿನ ಫೋಟೋ. ಅಣ್ಣನ ಜೀಪು ಅಂಗಳಕ್ಕೆ ಬಂದಾಗ ಅಲ್ಲಿ 5:40. ಮುಳ್ಳು ಸೊನ್ನೆಯ ಮೇಲೆ ಒಂದು ಕೂದಲಷ್ಟು ಇತ್ತು. (ಇದನ್ನ ಓದಿ ಯಾರೂ ಮನೆಯಲ್ಲಿ ಸ್ವಂತ ಬುದ್ಧಿಯಿಂದ ಆಕ್ಸಿಜನ್ ಇಳಿಸೋಕೆ ಹೋಗಬೇಡಿ. ಆವತ್ತು ಬೇರೆ ದಾರಿ ಇರಲಿಲ್ಲ, ಡಾಕ್ಟರು ಲೈನಿನಲ್ಲೇ ಇದ್ದರು.)

ಆ ಮೂರು ಗಂಟೆ ನನ್ನ ಆರು ರೋಗಿಗಳನ್ನ ನೋಡಿಕೊಂಡದ್ದು ಸ್ವೀಡನ್ನಿನ ಚಿಕ್ಕಮ್ಮ. ನಾನು ಕೇಳಿರಲಿಲ್ಲ. ಔಷಧಿ ಕೋಣೆಯ ಬಾಗಿಲು ಎಳೆದುಕೊಂಡು ನನ್ನನ್ನ ಒಳಗೆ ಬಿಟ್ಟು ಹೋದರು, ಬೆಳಿಗ್ಗೆ ಕಾಫಿ ಹಿಡಿದು ಬಂದರು. ಒಂದು ಮಾತು ಕೇಳಲಿಲ್ಲ. ಆಮೇಲೆ ಒಂದು ವರ್ಷ ನಾನು ಬರೀ ಕೆಲಸ, ಮನೆ, ಫೋನು. "ಇವಳು ಕಾಡಿಗೆ ಬರಬೇಕು" ಅಂತ ಅವರು ನನ್ನ ಗಂಡನಿಗೆ ಹೇಳಿದ್ದು, ಎಳಕೊಂಡೇ ಹೋಗಿದ್ದು ಆಮೇಲೆ. ಅಂದರೆ ನನಗೆ ಈ ಆಟ ಬರೀ ಆಟ ಅಲ್ಲ ಅಂತ ಅಪ್ಪನಿಗೂ ಗೊತ್ತು, ಅದಕ್ಕೇ ಸಿಲಿಂಡರ್ ಕೇಳಿದ್ದು.

ಸರಿ, ಮಾರ್ಕರಿಗೆ ಬರೋಣ. ಎರಡು ವರ್ಷ ಬಾಡಿಗೆಯಲ್ಲಿ, ಕಡ ತಂದದ್ದರಲ್ಲಿ ಆಡಿ, ಈ ಬೇಸಿಗೆ ನನ್ನದೇ ಒಂದು ಕೊಳ್ಳೋದು ಅಂತ ತೀರ್ಮಾನ ಮಾಡಿದೆ. ಇಲ್ಲಿ 18 ತುಂಬಿರಬೇಕು, ಹೊಡೆತದ ಶಕ್ತಿ ಕಾನೂನಿನ ಮಿತಿಯೊಳಗಿರಬೇಕು, ಒಯ್ಯೋವಾಗ ಬ್ಯಾಗಿನಲ್ಲಿ ಮುಚ್ಚಿ ಒಯ್ಯಬೇಕು. ಜನ ಗಾಬರಿಯಾಗ್ತಾರೆ, ನ್ಯಾಯವೇ.

ಗಾಳಿ ಎಲ್ಲಿ ಹೋಗುತ್ತೆ ಅಂತ ತಿಳಿಯೋಕೆ ಮಾರ್ಕರಿನ ಹೊಟ್ಟೆ ನೋಡಬೇಕು. ನನ್ನ ಬಾಡಿಗೆಯದ್ದು ಹಳೇ ಪದ್ಧತಿ, ಬ್ಲೋಬ್ಯಾಕ್ ಅಂತಾರೆ. 1998ರ ಟಿಪ್‌ಮನ್ 98 ಈ ಜಾತಿಯಲ್ಲಿ ಬಹಳ ಪ್ರಸಿದ್ಧ, ಗಟ್ಟಿಮುಟ್ಟು, ಕೆಸರಲ್ಲಿ ಬಿದ್ದರೂ ಎದ್ದು ಹೊಡೆಯುತ್ತೆ. ಆದರೆ ಪ್ರತಿ ಸಲ ಗಾಳಿಯ ಒಂದು ಪಾಲು ಗುಂಡಿಗೆ, ಇನ್ನೊಂದು ಪಾಲು ಒಳಗಿನ ಭಾರದ ಸುತ್ತಿಗೆಯನ್ನ ಹಿಂದೆ ತಳ್ಳಿ ಮುಂದಿನ ಗುಂಡಿಗೆ ಸಜ್ಜು ಮಾಡೋಕೆ. ಕೂಲಿಯ ಜೊತೆ ಊಟವನ್ನೂ ಕೊಟ್ಟ ಹಾಗೆ.

ಹೊಸವು ಎರಡು ಮನೆತನ. ಒಂದು ಪಾಪೆಟ್: ಚಿಕ್ಕ ಸುತ್ತಿಗೆ ಬಂದು ವಾಲ್ವಿಗೆ ಬಡಿಯುತ್ತೆ, ಕಣ್ಣು ಮಿಟುಕಿಸೋದ್ರೊಳಗೆ ನಲ್ಲಿ ತೆರೆದು ಮುಚ್ಚಿದ ಹಾಗೆ. ಬೇಕಾದಷ್ಟೇ ಗಾಳಿ. ಇನ್ನೊಂದು ಸ್ಪೂಲ್: ಒಳಗೊಂದು ಚಿಕ್ಕ ಕೋಣೆ ಇದೆ, ಅದರಲ್ಲಿ ಗಾಳಿ ತುಂಬಿ ಕೂತಿರುತ್ತೆ, ಕುದುರೆ ಒತ್ತಿದಾಗ ಆ ಚೊಂಬನ್ನ ಗುಂಡಿನ ಹಿಂದೆ ಸುರಿದ ಹಾಗೆ. ಮೆತ್ತಗೆ ದೂಡುತ್ತೆ, ಸದ್ದೂ ಕಡಿಮೆ. ಚೊಂಬು ಪೂರ್ತಿ ಸುರಿಯೋದ್ರಿಂದ ಸ್ವಲ್ಪ ಹೆಚ್ಚು ಗಾಳಿ ಬೇಕು.

ಕೇಳಿ ನಂಬೋದು ಬೇಡ ಅಂತ ಜೊತೆಯವರ ಎರಡು ಮಾರ್ಕರ್ ಕಡ ತಂದು ಅಳೆದೆ. ಸಿಲಿಂಡರು ಒಂದೇ, 1.1 ಲೀಟರಿನ ಕಾರ್ಬನ್ ಫೈಬರು, 300 ಬಾರ್. ಗುಂಡಿನ ವೇಗ ಮೂರಕ್ಕೂ ಒಂದೇ ಇಟ್ಟೆ. ಇದು ಮುಖ್ಯ, ವೇಗ ಹೆಚ್ಚಿಟ್ಟವರಿಗೆ ಗಾಳಿ ಬೇಗ ಹೋಗುತ್ತೆ, ಹೋಲಿಸಿ ಪ್ರಯೋಜನ ಇಲ್ಲ. ತುಂಬಿಸಿದ ತಕ್ಷಣ ಗೇಜು ನೋಡಬಾರದು. ಬೇಗ ತುಂಬಿಸಿದರೆ ಸಿಲಿಂಡರ್ ಬಿಸಿಯಾಗುತ್ತೆ, ಆರಿದ ಮೇಲೆ ಮುಳ್ಳು ತಾನಾಗೇ ಕೆಳಗೆ ಬರುತ್ತೆ. ಅರ್ಧ ಗಂಟೆ ಬಿಟ್ಟು ನೋಡಿ, 200 ಗುಂಡು ಹೊಡೆದು, ಮತ್ತೆ ಬಿಟ್ಟು ನೋಡಿದೆ. ಪಾಪೆಟ್ 34 ಬಾರ್ ಕುಡಿದಿತ್ತು. ಸ್ಪೂಲ್ 40 ಬಾರ್. ಗುಂಡಿಗೆ 0.19 ಲೀಟರ್, 0.22 ಲೀಟರ್. ಬಾಡಿಗೆಯದು 0.4. ಎರಡೂ ಅದರ ಅರ್ಧದ ಆಸುಪಾಸು. ಈ ಸಿಲಿಂಡರಿನಲ್ಲಿ ಕೊನೆಯ 40 ಬಾರ್ ಬಿಟ್ಟರೂ 286 ಲೀಟರ್, ಸ್ಪೂಲಿಗೆ 1300 ಗುಂಡು. ಗುಂಡಿನ ಒಂದು ಪೆಟ್ಟಿಗೆಗೆ 2000. ಇಡೀ ದಿನಕ್ಕೆ ಅಷ್ಟು ಹೊಡೆಯೋಕೆ ನಾನೇನು ಸಾಹುಕಾರಳಲ್ಲ.

ಇಲ್ಲಿ ಅಣ್ಣ "ಹಾಗಾದ್ರೆ ಪಾಪೆಟ್ ತಗೋ" ಅಂತಾನೆ, ಗೊತ್ತು. ನಾನು ತಗೊಂಡಿದ್ದು ಸ್ಪೂಲ್. ಯಾಕೆ ಅಂದರೆ ಚಳಿ. ಇಲ್ಲಿ ನಾವು ಏಪ್ರಿಲಿನಲ್ಲೂ ಅಕ್ಟೋಬರಿನಲ್ಲೂ ಆಡ್ತೀವಿ, ಬೆಳಿಗ್ಗೆ ಸೊನ್ನೆ ಡಿಗ್ರಿ ಹೊಸದಲ್ಲ. ಜೆಲಟಿನ್ ಚಳಿಗೆ ಹಪ್ಪಳದ ಹಾಗಾಗುತ್ತೆ. ಜೋರಾಗಿ ತಳ್ಳಿದರೆ ನಳಿಗೆಯೊಳಗೇ ಒಡೆಯುತ್ತೆ. ಒಮ್ಮೆ ಒಡೆದರೆ ಬಣ್ಣ ಮೆತ್ತಿಕೊಂಡು ಮುಂದಿನ ಹತ್ತು ಗುಂಡು ಕಾಗೆ ಹಾರಿದ ಹಾಗೆ ಹಾರ್ತವೆ. ಮರದ ಹಿಂದೆ ಮಂಡಿಯೂರಿ ಬಟ್ಟೆ ತೂರಿಸಿ ಒರೆಸಬೇಕು. ದಿನಕ್ಕೆ 600 ಗುಂಡು ಹೊಡೀತೀನಿ ಅಂದುಕೊಂಡರೂ ಪಾಪೆಟ್ಟಿನಿಂದ ಉಳಿಯೋದು 18 ಬಾರ್. ಗುಂಡು ಒಡೆದು ವ್ಯರ್ಥವಾಗಿ ಹೊಡೆಯೋದ್ರಲ್ಲಿ ಅದಕ್ಕಿಂತ ಹೆಚ್ಚು ಹೋಗುತ್ತೆ. 0.4ರಿಂದ 0.22ಕ್ಕೆ ಬಂದದ್ದು ದೊಡ್ಡದು. ಅಲ್ಲಿಂದ 0.19ಕ್ಕೆ ಹೋಗೋದು ಪಕ್ಕದ ಮನೆಯವರಿಗೆ ಹೇಳಿಕೊಳ್ಳೋಕೆ.

ಚಳಿಯ ಮಾತು ಬಂತು. ಸಿಲಿಂಡರನ್ನ 20 ಡಿಗ್ರಿಯ ಕೋಣೆಯಲ್ಲಿ 300 ಬಾರ್ ತುಂಬಿಸಿ ಸೊನ್ನೆ ಡಿಗ್ರಿ ಕಾಡಿಗೆ ಒಯ್ದರೆ ಒಂದು ಗುಂಡೂ ಹೊಡೆಯದೆ 280ಕ್ಕೆ ಇಳಿಯುತ್ತೆ. ಅದು ಸೋರಿಕೆಯಲ್ಲ, ಗಾಳಿಯ ಗುಣ. ಇನ್ನು ಹಳೇ ಕಾಲದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು ಅಗ್ಗ ಅಂತ ಯಾರಾದರೂ ಹೇಳಿದರೆ ಈ ದೇಶದಲ್ಲಿ ಕೇಳಬೇಡಿ. ಅದು ಒಳಗೆ ದ್ರವವಾಗಿರುತ್ತೆ, ಒತ್ತಡ ಪೂರ್ತಿ ಬಿಸಿಲಿನ ಮೇಲೆ ನಿಂತಿದೆ: 20 ಡಿಗ್ರಿಯಲ್ಲಿ 57 ಬಾರ್, ಸೊನ್ನೆಯಲ್ಲಿ 35. ಬೇಗ ಬೇಗ ಹೊಡೆದರೆ ಸಿಲಿಂಡರೇ ಹೆಪ್ಪುಗಟ್ಟೋಕೆ ಶುರುವಾಗುತ್ತೆ. ಆಸ್ಪತ್ರೆಯಲ್ಲಿ ಬೆಂಕಿ ಆರಿಸೋ ತರಬೇತಿ ಮಾಡಿದವರು ಆ ಬಿಳಿ ಹೊಗೆಯ ಕೊಳವೆ ಬರಿಗೈಲಿ ಮುಟ್ಟಿ ನೋಡಿರ್ತಾರೆ, ಒಂದೇ ಸಲ.

ಕೊನೆಗೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಎಮೆಕ್ ಸಿಕ್ಕಿತು. ಇಂಗ್ಲೆಂಡಿನ ಪ್ಲಾನೆಟ್ ಎಕ್ಲಿಪ್ಸ್ ಕಂಪನಿಯದು, ಸ್ಪೂಲ್ ಜಾತಿ, ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಇಲ್ಲ. ಅದೇ ಹೊಟ್ಟೆಯನ್ನ ಬ್ಯಾಟರಿ, ಸರ್ಕ್ಯೂಟು ಹಾಕಿ ಇಥಾ 2 ಅಂತಲೂ ಮಾರಿದ್ದರು. ಚಳಿಗೆ ನನ್ನ ಫೋನೇ ಸತ್ತು ಬೀಳುತ್ತೆ, ಇನ್ನೊಂದು ಬ್ಯಾಟರಿ ಸಾಕೋದು ಬೇಡ ಅನ್ನಿಸಿತು. 2,800 ಕ್ರೋನರ್. ರೂಪಾಯಿಗೆ ಲೆಕ್ಕ ಹಾಕಿ ಅಮ್ಮ "ಅಯ್ಯೋ" ಅನ್ನೋ ಮೊದಲೇ ಹೇಳ್ತೀನಿ, ಬೇಸಿಗೆಯ ಎರಡು ಹೆಚ್ಚುವರಿ ನೈಟು ಮಾಡಿದ ದುಡ್ಡು ಅದು.

ಹಳೇದು ಕೊಳ್ಳೋವಾಗ ಮಾರುವವನು ಪಕ್ಕದಲ್ಲಿ ಹರಟೆ ಹೊಡೀತಾ ಇದ್ದ. ಸಿಲಿಂಡರ್ ಸಿಕ್ಕಿಸಿ, ಸ್ವಲ್ಪ ಹೊತ್ತು ಮಾತಾಡಬೇಡಿ ಅಂತ ಹೇಳಿ ಕಿವಿಯಿಟ್ಟು ಕೇಳಿದೆ. ಗೋಡೆಯ ಆಕ್ಸಿಜನ್ ಮೀಟರು ಸೋರೋದನ್ನ ಕತ್ತಲಲ್ಲಿ ಕೇಳಿ ಕೇಳಿ ನಮ್ಮ ಕಿವಿ ಹಾಗಾಗಿದೆ. ಸಣ್ಣಗೆ "ಸುಯ್". ಗ್ಯಾಸ್ ಸ್ಟವ್ವಿಗೆ ಮಾಡೋ ಹಾಗೆ ಸೋಪಿನ ನೀರು ಹಚ್ಚಿದರೆ ಹಿಡಿಯ ಹತ್ತಿರ ಗುಳ್ಳೆ ಬಂತು. ಒಂದು ಓ-ರಿಂಗ್ ಸವೆದಿತ್ತು, ಉಂಗುರದಷ್ಟು ರಬ್ಬರು. ಅವನು 300 ಕ್ರೋನರ್ ಇಳಿಸಿದ, ನಾನು ಮನೆಗೆ ಬಂದು ಹತ್ತು ನಿಮಿಷದಲ್ಲಿ ಬದಲಾಯಿಸಿದೆ. ಆರು ಗಂಟೆಯ ಆಟದಲ್ಲಿ ಈ "ಸುಯ್" ಎಷ್ಟು ಕುಡಿಯುತ್ತೆ ಅಂದರೆ, ಮಾರ್ಕರಿನ ಮೈಲೇಜಿನ ಮಾತೇ ಹಾಸ್ಯವಾಗುತ್ತೆ. ಸಿಲಿಂಡರನ್ನ ಮಾತ್ರ ಹೊಸದೇ ತಗೊಂಡೆ. ಕಾರ್ಬನ್ ಫೈಬರಿನದಕ್ಕೆ ಮರುಪರೀಕ್ಷೆಯ ಅವಧಿ ಸಾಮಾನ್ಯವಾಗಿ 5 ವರ್ಷ, ಅವನದ್ದರ ಮೇಲಿನ ತಾರೀಖು ಮುಗಿದಿತ್ತು. 300 ಬಾರ್ ಅನ್ನೋದು ತಮಾಷೆಯಲ್ಲ. ಮತ್ತೆ ನನ್ನ ಆಸ್ಪತ್ರೆಯ ಗೆಳತಿಯರು ಇದನ್ನ ಓದ್ತಿದ್ದರೆ: ಮಾರ್ಕರಿಗೆ ಹಚ್ಚೋ ಗ್ರೀಸ್ ಕೈಯಲ್ಲಿ ಆಕ್ಸಿಜನ್ ರೆಗ್ಯುಲೇಟರ್ ಮುಟ್ಟಬೇಡಿ, ಯಾಕೆ ಅಂತ ನಿಮಗೆ ಹೇಳಬೇಕಿಲ್ಲ.

ಇನ್ನೊಂದು ಚಿಕ್ಕ ವಿಷಯ, ಇದು ಪೂರ್ತಿ ಪೆಟ್ಲಿನದ್ದೇ. ಕಾಯಿ ಸಡಿಲ ಇದ್ದರೆ ಪೆಟ್ಲು ಸದ್ದೇ ಮಾಡ್ತಿರಲಿಲ್ಲ, ಗಾಳಿ ಪಕ್ಕದಿಂದ ಜಾರಿ ಹೋಗ್ತಿತ್ತು. ಇಲ್ಲೂ ಹಾಗೆ. ಗುಂಡು ತೇವಕ್ಕೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಆಟಕ್ಕೆ ಮೊದಲು ಒಂದು ಗುಂಡನ್ನ ಬಿಚ್ಚಿದ ನಳಿಗೆಗೆ ಹಾಕಿ ನೋಡಬೇಕು: ತಾನಾಗೇ ಉರುಳಿ ಹೋಗಬಾರದು, ಬಾಯಲ್ಲಿ ಊದಿದರೆ ಹೋಗಬೇಕು. ಉರುಳಿದರೆ ಸಣ್ಣ ಒಳಕೊಳವೆ ಹಾಕ್ಕೊಳ್ಳಬೇಕು. ನಾನು ಊದೋದು ನೋಡಿ ಇಲ್ಲಿಯವರು, ಇದನ್ನ ಎಲ್ಲಿ ಕಲಿತೆ ಅಂತ ಕೇಳಿದರು. ಎರಡನೇ ಕ್ಲಾಸಿನಲ್ಲಿ ಅಂದೆ.

ಆದರೆ ನಮ್ಮ ಗುಂಪಿನಲ್ಲಿ ಗಾಳಿಯ ವಿಷಯಕ್ಕೆ ಎಲ್ಲರಿಗಿಂತ ಮೇಲೆ ಇರೋದು ಆಂಬುಲೆನ್ಸಿನ ಅಜ್ಜ. ಅರವತ್ತು ದಾಟಿದೆ, ಮೊದಲು ಆಂಬುಲೆನ್ಸ್ ಓಡಿಸ್ತಿದ್ದರು. ಅವರದ್ದು ಪಂಪ್ ಮಾರ್ಕರ್. ಪ್ರತಿ ಗುಂಡಿಗೂ ಕೈಯಲ್ಲಿ ಎಳೆದು ಸಜ್ಜು ಮಾಡಬೇಕು, ಹಾಗಾಗಿ ಅದಕ್ಕೆ ಗಾಳಿಯ ಖರ್ಚಿಲ್ಲ. ಇದ್ದ ಗಾಳಿಯೆಲ್ಲ ಗುಂಡಿಗೇ. ಚಿಕ್ಕ 0.8 ಲೀಟರಿನ ಸಿಲಿಂಡರು ಬೆಳಿಗ್ಗೆ ತುಂಬಿಸಿದರೆ ಸಂಜೆ ಅರ್ಧ ಉಳಿದಿರುತ್ತೆ. ಬ್ಲೂಬೆರಿ ಪೊದೆಯಲ್ಲಿ ಬೆನ್ನು ಮೇಲೆ ಮಾಡಿ ಮಲಗಿಬಿಟ್ಟರೆ ಎರಡು ಮಾರು ದೂರ ಹೋದರೂ ಕಾಣಲ್ಲ. ಒಮ್ಮೆ ಎಳೆದ ಶಬ್ದ, ಒಂದು ಗುಂಡು, ನೀವು ಔಟ್. ನಾನು ಮೂರು ಸಲ ಆಗಿದೀನಿ.

ಹೆನಿಕರ್ ಊರಿನ ಆ ಮೊದಲ ಆಟದ ಕಥೆ ನನಗೆ ಹೇಳಿದ್ದು ಈ ಅಜ್ಜನೇ. ಆ 12 ಜನರಲ್ಲಿ ಬೇಟೆಗಾರರಿದ್ದರು, ಕಾಡು ಗೊತ್ತಿದ್ದವರೂ ಪೇಟೆಯವರೂ ಇದ್ದರು. ಗೆದ್ದಿದ್ದು ರಿಚಿ ವೈಟ್ ಅನ್ನೋ ಮರದ ಕೆಲಸ ಗೊತ್ತಿದ್ದ ಫಾರೆಸ್ಟರು. ಎಲ್ಲ ಬಾವುಟ ತಗೊಂಡು ಹೊರಗೆ ಬಂದ. ಅವನು ಒಂದು ಗುಂಡೂ ಹೊಡೆದಿರಲಿಲ್ಲ.

ಹೋದ ಶನಿವಾರದ ಆಟಕ್ಕೆ ಬರ್ತೀನಿ, ಫೋಟೋ ಅದರದ್ದು. ಚಳಿ ಇರಲಿಲ್ಲ, ಬೆಳಿಗ್ಗೆ 14 ಡಿಗ್ರಿ, ತುಂತುರು ಮಳೆ, ಥೇಟ್ ನಮ್ಮೂರು. ಪ್ಯಾಂಟನ್ನ ಕಾಲುಚೀಲದೊಳಗೆ ಸಿಕ್ಕಿಸಿದ್ದೆ, ಉಣುಗಿಗೆ. ಇಲ್ಲಿ ಮೆಲಾರೆನ್ ಸರೋವರದ ಸುತ್ತ ಉಣುಗಿನಿಂದ ಮೆದುಳು ಜ್ವರ ಬರುತ್ತೆ, ಅದರ ವೈರಸ್ಸು ನಮ್ಮ ಕಡೆಯ ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ನೆಂಟ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಸಿಕ್ಕಿದ್ದಲ್ಲ, ಅದೇ. ಇದಕ್ಕೆ ಒಳ್ಳೆ ಲಸಿಕೆ ಇದೆ, ನಾನು ಹಾಕಿಸ್ಕೊಂಡಿದೀನಿ. ಅಮ್ಮ, ಚಿಂತೆ ಬೇಡ.

ಗೇಜು 290. ಈ ಸಲ ಗಡಿಯಾರದ ಜೊತೆ ಗೇಜು ನೋಡಿದೆ, ಅರ್ಧ ಗಂಟೆಗೊಮ್ಮೆ, ವಾರ್ಡಿನ ಹಾಗೆ. 11ಕ್ಕೆ 270. ಊಟದ ಹೊತ್ತಿಗೆ 235. ಎರಡು ಗಂಟೆಗೆ ನಮ್ಮ ಪಕ್ಷದ ಅರ್ಧ ಜನ ಗಾಳಿ ತುಂಬಿಸೋಕೆ ಕಾರಿನ ಕಡೆ ನಡೆದಿದ್ದರು, ಆಗಲೇ ಎದುರಿನವರು ಹಳ್ಳದ ಕಡೆಯಿಂದ ಬಂದದ್ದು. ಹಳ್ಳದ ಮೇಲಿನ ಬಂಡೆ ಹತ್ತಿರ ಉಳಿದಿದ್ದು ನಾನು, ಸ್ವೀಡನ್ನಿನ ಚಿಕ್ಕಮ್ಮ, ಮತ್ತೆ ಇಪ್ಪತ್ತರ ಒಬ್ಬ ಹುಡುಗ. ನಾವು ಮೂವರು ಒಂದೂಕಾಲು ಗಂಟೆ ಆ ಬಂಡೆ ಬಿಡಲಿಲ್ಲ. ಅವರು ನೂರು ಹೊಡೆದರೆ ನಾವು ಹತ್ತು. ಹುಡುಗನದು ನಡುವೆ ಖಾಲಿಯಾಯಿತು, ಅವನು ನಮಗೆ ಕಣ್ಣಾದ. ಎಡಕ್ಕೆ, ಬಲಕ್ಕೆ ಅಂತ ಪಿಸುಗುಟ್ಟುತ್ತಾ ಇದ್ದ. ಮೂರೂ ಹತ್ತಕ್ಕೆ ನಾನು ಹೊರಗೆ ತಲೆ ಹಾಕಿದ್ದಕ್ಕೆ ಹೊಟ್ಟೆಗೆ ಬಿತ್ತು, ಫೋಟೋದಲ್ಲಿ ಕಾಣೋ ಕೇಸರಿ ಅದೇ. ಅಷ್ಟರಲ್ಲಿ ನಮ್ಮವರು ವಾಪಸ್ ಬಂದಿದ್ದರು.

ದಿನದ ಲೆಕ್ಕ: 570 ಗುಂಡು, ಕೊನೆಗೆ ಗೇಜು 175. ಬಾಡಿಗೆ ಮಾರ್ಕರು, ಬಾಡಿಗೆ ಸಿಲಿಂಡರಾಗಿದ್ದರೆ ಒಂದು ಸಲ ತುಂಬಿಸಿದ್ದು ಸಾಲ್ತಿರಲಿಲ್ಲ.

ರಾತ್ರಿ ಫೋನು ಮಾಡಿದಾಗ ಅಪ್ಪ ಇದನ್ನೆಲ್ಲ ಬರೆದುಕೊಂಡ ಹಾಗಿತ್ತು. "175 ಉಳೀತು ಅಂದ್ಯಲ್ಲ, ಅದನ್ನ ಎಂತ ಮಾಡ್ದೆ?" ಅಂದರು. ಹಾಗೇ ಇಟ್ಟಿದೀನಿ ಅಂದೆ. ಸಿಲಿಂಡರನ್ನ ಪೂರ್ತಿ ಖಾಲಿ ಮಾಡಿ ಇಡಬಾರದು, ಒಳಗೆ ತೇವ ಸೇರುತ್ತೆ. "ಹಾಂ" ಅಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಉಸಿರು ಕೇಳ್ತಿತ್ತು, ಈಗ ಸುಮಾರಾಗಿ ಸರಾಗವಾಗಿದೆ, ಗುಡ್ಡ ಹತ್ತಿ ಬಂದರೆ ಮಾತ್ರ ಕೂರ್ತಾರೆ.

ಅಣ್ಣ, ಎರಡನೇ ಸಲದ ಔಷಧಿ ಹೊಡೆದು ಆಯ್ತಾ? ಈ ಮಳೆಗೆ ತಡ ಮಾಡಬೇಡ. ಮತ್ತೆ ಹಬ್ಬಕ್ಕೆ ಪುಟ್ಟನಿಗೆ ಪೆಟ್ಲು ಮಾಡಿಕೊಟ್ಟರೆ ಒಂದು ವಿಡಿಯೋ ಹಾಕು, ಆಂಬುಲೆನ್ಸಿನ ಅಜ್ಜನಿಗೆ ತೋರಿಸ್ತೀನಿ ಅಂತ ಮಾತು ಕೊಟ್ಟಿದೀನಿ.